ಅಬ್ಬಾ ಅವರ ಹಿಸಾಬಿನ ಪುಸ್ತಕ

ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದ ಆರಂಭದಲ್ಲೇ ‘ವ್ಯವಹಾರ ಬೇರೆ, ಅದರ ಮಾಲೀಕ ಬೇರೆ’ ಎಂಬ ತತ್ವ ಬರುತ್ತದೆ. ಅದನ್ನು ಓದಿದ ದಿನ ನನಗೆ ನಗು ಬಂದಿತ್ತು. ನಮ್ಮ ಮನೆಯಲ್ಲಿ ಇವೆರಡೂ ಒಂದೇ. ಮುಂದಿನ ಕೋಣೆಯಲ್ಲಿ ನಾವು ಮಲಗುತ್ತೇವೆ, ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುತ್ತೇವೆ. ಶಿಡ್ಲಘಟ್ಟದಲ್ಲಿ ಇಂಥ ಮನೆಗಳು ಬಹಳ. ಅಬ್ಬಾ ಏಳನೇ ತರಗತಿಗೇ ಶಾಲೆ ಬಿಟ್ಟವರು. ಆದರೂ ವಾಣಿಜ್ಯ ಶಾಸ್ತ್ರದ ಮೂರು ಪಾಠಗಳನ್ನು ನಾನು ಪುಸ್ತಕಕ್ಕಿಂತ ಮೊದಲು ಅವರಿಂದ ಕಲಿತೆ. ನಾಲ್ಕನೆಯದನ್ನು ನಾವಿಬ್ಬರೂ ಅಮ್ಮಿಯಿಂದ ಕಲಿತೆವು.

ಪಾಠ 1: ಲಾಭ ಹುಟ್ಟುವುದು ಕೊಳ್ಳುವಾಗ

ರಜಾ ದಿನಗಳಲ್ಲಿ ಅಬ್ಬಾ ಜೊತೆ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುತ್ತೇನೆ. ಈಗ ಹರಾಜು ನಡೆಯುವುದು ಮೊಬೈಲಿನಲ್ಲಿ. ಆದರೆ ಗೂಡನ್ನು ನೋಡಬೇಕಾದದ್ದು ಕಣ್ಣು, ಕೈ, ಕಿವಿಗಳಿಂದಲೇ. ಅಬ್ಬಾ ಲಾಟಿನ ಮೇಲಿನಿಂದ ಗೂಡು ತೆಗೆಯುವುದಿಲ್ಲ, ಅಡಿಗೆ ಕೈ ಹಾಕುತ್ತಾರೆ. ಒತ್ತಿ ಗಟ್ಟಿಯಿದೆಯೇ ನೋಡುತ್ತಾರೆ. ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುತ್ತಾರೆ. ಕಲೆಯಾದವು, ತೆಳುವಾದವು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡುಗಳು ಎಷ್ಟಿವೆ ಎಂದು ಲೆಕ್ಕ ಹಾಕುತ್ತಾರೆ.

ಇಷ್ಟೆಲ್ಲ ಯಾಕೆ? ಒಂದು ಕೆ.ಜಿ. ನೂಲು ತೆಗೆಯಲು ಬೇಕಾಗುವ ಗೂಡಿನ ತೂಕಕ್ಕೆ ‘ರೆಂಡಿಟ್ಟಾ’ ಎನ್ನುತ್ತಾರೆ. ಇದು ಕಡಿಮೆಯಿದ್ದಷ್ಟೂ ನಮಗೆ ಒಳ್ಳೆಯದು. ಅರ್ಥವಾಗಲೆಂದು ದುಂಡು ಅಂಕಿಗಳಲ್ಲಿ ಒಂದು ಲೆಕ್ಕ ಮಾಡೋಣ. ಕೆ.ಜಿ.ಗೆ 500 ರೂ.ನಂತೆ 60 ಕೆ.ಜಿ. ಗೂಡು ಕೊಂಡರೆ 30,000 ರೂ. ಕೂಲಿ, ಸೌದೆ, ನೀರು, ಕರೆಂಟಿಗೆ 4,800 ರೂ. ಒಟ್ಟು ಖರ್ಚು 34,800 ರೂ. ರೆಂಡಿಟ್ಟಾ ಏಳೂವರೆ ಬಂದರೆ 8 ಕೆ.ಜಿ. ನೂಲು ಸಿಗುತ್ತದೆ. ಕೆ.ಜಿ.ಗೆ 4,400 ರೂ.ನಂತೆ 35,200 ರೂ. ಲಾಭ 400 ರೂ. ಮಾತ್ರ. ರೆಂಡಿಟ್ಟಾ ಎಂಟಾದರೆ ನೂಲು ಏಳೂವರೆ ಕೆ.ಜಿ.ಗೆ ಇಳಿದು 33,000 ರೂ. ಆಗುತ್ತದೆ. ಅಂದರೆ 1,800 ರೂ. ನಷ್ಟ. ಗೂಡಿನ ದರ ಅದೇ, ಕೂಲಿ ಅದೇ. ಬೆಳಗ್ಗೆ ಮಾರುಕಟ್ಟೆಯಲ್ಲಿ ಕೈ ಮಾಡಿದ ತಪ್ಪೊಂದೇ ವ್ಯತ್ಯಾಸ.

ಪಾಠ 2: ಕಸವೂ ಸರಕು

ಮೇಲಿನ ಲೆಕ್ಕ ನೋಡಿ ‘400 ರೂಪಾಯಿಗೆ ಇಷ್ಟು ಕಷ್ಟವೇ?’ ಎಂದು ನೀವು ಕೇಳಬಹುದು. ನೂಲು ಬಿಚ್ಚಿದ ಮೇಲೆ ಬಿಸಿನೀರಿನಲ್ಲಿ ಹುಳ ಉಳಿಯುತ್ತದೆ. ಅದರಿಂದ ಎಣ್ಣೆ ತೆಗೆಯುತ್ತಾರೆ, ಮೀನು, ಕೋಳಿಗಳ ಆಹಾರಕ್ಕೂ ಬಳಸುತ್ತಾರೆ. ನೂಲಿನ ಎಳೆ ಹುಡುಕುವಾಗ ಬರುವ ತ್ಯಾಜ್ಯ ರೇಷ್ಮೆಗೂ ಗಿರಾಕಿಗಳಿದ್ದಾರೆ. ಈ ಎರಡರಿಂದ 1,200 ರೂ. ಬಂದಿತು ಎಂದುಕೊಳ್ಳಿ. ಆಗ ಲಾಭ 400 ಅಲ್ಲ, 1,600. ಪುಸ್ತಕ ಇದನ್ನು ಉಪ ಉತ್ಪನ್ನ ಎನ್ನುತ್ತದೆ. ನಮ್ಮ ಬೀದಿಗೆ ಹೊಸಬರು ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಕಾಲೇಜು ಶುಲ್ಕದಲ್ಲಿ ಆ ವಾಸನೆಯ ಪಾಲೂ ಇದೆ.

ಪಾಠ 3: ಮಾರಿದ್ದೆಲ್ಲ ಹಣವಲ್ಲ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಬ್ಬಾ ಹಳೆಯ ಪರಿಚಯದ ವ್ಯಾಪಾರಿಯೊಬ್ಬರಿಗೆ ನೂಲನ್ನು ಉದ್ದರಿ ಕೊಟ್ಟರು. ಬರಬೇಕಾದದ್ದು 80,000 ರೂ. ಚೀಟಿಯಿಲ್ಲ, ಸಹಿಯಿಲ್ಲ, ಬರೀ ಮಾತು. ‘ಮುಂದಿನ ವಾರ’ ಎಂದದ್ದು ಎರಡು ತಿಂಗಳಾಯಿತು. ಕಾಗದದ ಮೇಲೆ ನಾವು ಲಾಭದಲ್ಲಿದ್ದೆವು, ಆದರೆ ಮರುದಿನ ಗೂಡು ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. ಒಲೆ ಆರಿತು. ಕೆಲಸಕ್ಕೆ ಬರುತ್ತಿದ್ದ ಇಬ್ಬರು ಬೇರೆ ಫಿಲೇಚರಿಗೆ ಹೋದರು. ಅಮ್ಮಿಯ ಬಳೆ ಅಡವಿಗೆ ಹೋಯಿತು. ಕೊನೆಗೆ ಕೈಗೆ ಬಂದದ್ದು 65,000 ರೂ. ಬಾಕಿ ಎಷ್ಟು ಎಂಬ ಬಗ್ಗೆಯೇ ಇಬ್ಬರ ನೆನಪು ಬೇರೆ ಬೇರೆಯಾಗಿತ್ತು.

ದುಡಿಯುವ ಬಂಡವಾಳ ಎಂದರೇನು ಎಂದು ಪರೀಕ್ಷೆಯಲ್ಲಿ ಕೇಳಿದರೆ ನನಗೆ ಆ ಆರಿದ ಒಲೆ ನೆನಪಾಗುತ್ತದೆ. ಕುರ್‌ಆನಿನ ಅತಿ ದೀರ್ಘ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಅದು ಸೂರಾ ಅಲ್ ಬಕರಾದ 282ನೆಯ ಆಯತ್. ಚಿಕ್ಕಂದಿನಿಂದ ಓದಿದ್ದ ಅಬ್ಬಾ ಅದನ್ನು ಪಾಲಿಸತೊಡಗಿದ್ದು ಪೆಟ್ಟು ತಿಂದ ಮೇಲೆ. ಈಗ ಸ್ವಂತ ಮಾಮೂಗೆ ಐನೂರು ಕೊಟ್ಟರೂ ಬರೆಯುತ್ತಾರೆ. ‘ಹಿಸಾಬ್ ಸಾಫ್ ಇದ್ದರೆ ಸಂಬಂಧವೂ ಸಾಫ್’ ಎನ್ನುತ್ತಾರೆ.

ಪಾಠ 4: ಹೆಸರಿಲ್ಲದ ಕೂಲಿ

ಕಳೆದ ವರ್ಷ ಅಬ್ಬಾ ಸಾಲ ಮಾಡಿ ಇನ್ನೆರಡು ಬೇಸಿನ್ ಹಾಕುವ ಯೋಚನೆಯಲ್ಲಿದ್ದರು. ಕಾಲೇಜಿನಲ್ಲಿ ಕಲಿತದ್ದನ್ನು ತೋರಿಸುವ ಉತ್ಸಾಹದಲ್ಲಿ ನಾನು ಅವರ ಪುಸ್ತಕ ತೆಗೆದುಕೊಂಡು ಕುಳಿತೆ. ಕೂಲಿಯ ಪುಟದಲ್ಲಿ ಎಲ್ಲರ ಹೆಸರೂ ಇತ್ತು. ಚಹಾ ತಂದುಕೊಟ್ಟ ಅಮ್ಮಿ ಒಂದು ನಿಮಿಷ ಅದನ್ನು ನೋಡಿ, ‘ಇದರಲ್ಲಿ ನಾನು ಎಲ್ಲಿದ್ದೀನಿ?’ ಎಂದರು. ಕೋಪದಿಂದ ಕೇಳಿದ್ದಲ್ಲ. ಆದರೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.

ನೂಲನ್ನು ಮರುಸುತ್ತಿ ಲಡಿ ಮಾಡುವುದು ಪ್ರತಿದಿನ ಅಮ್ಮಿಯೇ. ಹೊರಗಿನವರನ್ನು ಕರೆದಿದ್ದರೆ 400 ರೂ. ಕೊಡಬೇಕಿತ್ತು. ಅಬ್ಬಾ ಬೇರೆಯವರ ಫಿಲೇಚರಿನಲ್ಲಿ ದುಡಿದಿದ್ದರೆ 600 ರೂ. ಸಿಗುತ್ತಿತ್ತು. ಇವನ್ನೂ ಸೇರಿಸಿದಾಗ 1,600 ರೂ. ಲಾಭ 600ಕ್ಕೆ ಇಳಿಯಿತು. ಯಂತ್ರದ ಸವಕಳಿ, ಮೋಟಾರು ರಿಪೇರಿ ಇನ್ನೂ ಬಾಕಿ. ಗೂಡು ಕೆಟ್ಟ ದಿನಗಳಲ್ಲಂತೂ ಹುಳ ಮಾರಿದ ಹಣ ಸೇರಿಸಿದರೂ ನಷ್ಟವೇ. ನಾವು ಇಷ್ಟು ವರ್ಷ ಲಾಭ ಎಂದುಕೊಂಡದ್ದರಲ್ಲಿ ಬಹುಪಾಲು ಅಮ್ಮಿ, ಅಬ್ಬಾ ಇಬ್ಬರ ಕೂಲಿಯೇ ಆಗಿತ್ತು.

ಅಬ್ಬಾ ಬಹಳ ಹೊತ್ತು ಮಾತಾಡಲಿಲ್ಲ. ನಾನು ಬರೆಯಬಾರದಿತ್ತೇನೋ ಎಂದು ಹೆದರಿದೆ. ರಾತ್ರಿ ಊಟವಾದ ಮೇಲೆ, ‘ಬೇಸಿನ್ ಈಗ ಬೇಡ. ಆರು ತಿಂಗಳು ಪ್ರತಿ ಲಾಟಿನ ರೆಂಡಿಟ್ಟಾ ಬರೆದು ನೋಡೋಣ. ನೀನೇ ಬರಿ’ ಎಂದರು. ಮರುದಿನ ಕೂಲಿಯ ಪುಟದ ಮೊದಲ ಸಾಲಿನಲ್ಲಿ ತಮ್ಮ ಕೈಯಾರೆ ಅಮ್ಮಿಯ ಹೆಸರು ಬರೆದರು. ಈಗ ಪ್ರತಿ ಶನಿವಾರ ಅಮ್ಮಿಗೂ ಕೂಲಿ ಸಂದಾಯವಾಗುತ್ತದೆ. ಆ ದುಡ್ಡಿನಿಂದಲೇ ಅವರು ಅಡವಿಟ್ಟ ಬಳೆಯನ್ನು ಬಿಡಿಸಿಕೊಂಡರು. ‘ವ್ಯವಹಾರ ಬೇರೆ, ಮಾಲೀಕ ಬೇರೆ’ ಎಂಬ ಮಾತಿಗೆ ನಾನೀಗ ನಗುವುದಿಲ್ಲ.

ಗೆಳೆಯ ಗೆಳತಿಯರೇ, ನಮ್ಮಲ್ಲಿ ಹಲವರ ಮನೆಯಲ್ಲಿ ಅಂಗಡಿಯೋ, ಗ್ಯಾರೇಜೋ, ಹೊಲಿಗೆ ಯಂತ್ರವೋ ಇದೆ. ಈ ಭಾನುವಾರ ಅಲ್ಲಿಯ ಒಂದು ದಿನದ ಲೆಕ್ಕವನ್ನು ಪೂರ್ತಿಯಾಗಿ ಬರೆದು ನೋಡಿ. ಕೊಂಡದ್ದು, ಮಾರಿದ್ದು, ಉದ್ದರಿ, ಎಲ್ಲವೂ ಇರಲಿ. ಕೊನೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಲೆಕ್ಕದಲ್ಲಿ ಯಾರ ದುಡಿಮೆ ಬಿಟ್ಟುಹೋಗಿದೆ?