ನಾಲ್ಕು ಮಾತ್ರೆಗೆ ಹೆದರಿದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ತುಟಿಯಂಚಿನ ಗುಳ್ಳೆಗೆ ಡಾಕ್ಟರು ಬರೆದುಕೊಟ್ಟ ವಾಲಾಸೈಕ್ಲೊವಿರ್ ನುಂಗಿದ ಮೇಲೆ ತಲೆ ಸಿಡಿಯಿತು, ಹೊಟ್ಟೆ ತೊಳಸಿತು, ರಾತ್ರಿಯ ಮಾತ್ರೆ ಬಿಟ್ಟುಬಿಟ್ಟೆ, ಮಾಡಿದ್ದು ಸರಿಯೇ ದೊಡ್ಡಮ್ಮ ಎಂದು ಕೇಳಿದ್ದೆ. ಹಾಸ್ಟೆಲಿನಲ್ಲಿರುವ ನಿನ್ನ ವಯಸ್ಸಿನ ಎಷ್ಟೋ ಮಕ್ಕಳಿಗೆ ಇದೇ ದಿಗಿಲು. ಅದಕ್ಕೇ ಎಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

500 ಮಿಲಿಗ್ರಾಂನ ನಾಲ್ಕು ಮಾತ್ರೆ ಒಟ್ಟಿಗೆ ನೋಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಈ ಚಿಕಿತ್ಸೆಯ ಕ್ರಮವೇ ಹಾಗೆ: ದೊಡ್ಡವರಿಗೆ 2 ಗ್ರಾಂ, 12 ಗಂಟೆ ಬಿಟ್ಟು ಮತ್ತೆ 2 ಗ್ರಾಂ, ಅಲ್ಲಿಗೆ ಮುಗಿಯಿತು. ತುಟಿ ಚುರುಗುಟ್ಟುತ್ತಿರುವಾಗಲೇ ತೆಗೆದುಕೊಂಡರೆ ಹೆಚ್ಚು ಗುಣ. ನಿನ್ನ ತಲೆನೋವಿನ ವಿಷಯಕ್ಕೆ ಬಂದರೆ, ಈ ಔಷಧವನ್ನು ಜನರ ಮೇಲೆ ಪರೀಕ್ಷಿಸಿದಾಗ ಇದನ್ನು ನುಂಗಿದ ನೂರರಲ್ಲಿ 14 ಮಂದಿಗೆ ತಲೆನೋವು ಬಂದಿತ್ತು. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದ ನೂರರಲ್ಲೂ 10 ಮಂದಿಗೆ ಬಂದಿತ್ತು. ಆದ್ದರಿಂದ ತಲೆನೋವನ್ನೆಲ್ಲ ಮಾತ್ರೆಯ ತಲೆಗೇ ಕಟ್ಟಬೇಡ. ಹೊಟ್ಟೆ ತೊಳಸಿದರೆ ಊಟದ ಜೊತೆ ತೆಗೆದುಕೋ, ಔಷಧದ ಗುಣವೇನೂ ಕಡಿಮೆಯಾಗುವುದಿಲ್ಲ. ಎರಡನೆಯ ಸರದಿ ಬಿಡಬೇಕೆನಿಸಿದರೆ ಮೊದಲು ಡಾಕ್ಟರಿಗೆ ಫೋನ್ ಮಾಡು.

ನನಗೆ ನಿಜವಾಗಿ ಆತಂಕವಾದದ್ದು ಬೇರೆ ಮಾತಿಗೆ. ಬಾತ್‌ರೂಮ್ ದೂರವೆಂದು ನೀರೇ ಕುಡಿಯುವುದಿಲ್ಲ ಎಂದೆಯಲ್ಲ, ಅದು. ಈ ಮಾತ್ರೆ ಮೈಯೊಳಗೆ ಅಸೈಕ್ಲೊವಿರ್ ಆಗಿ, ಬಹುಪಾಲು ಮೂತ್ರದಲ್ಲೇ ಹೊರಗೆ ಹೋಗುತ್ತದೆ. ನೀರು ಸಾಲದಿದ್ದರೆ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಹರಳುಗಟ್ಟಬಹುದು. ಅಪರೂಪ, ಆದರೆ ನೀರು ಕುಡಿದು ತಪ್ಪಿಸಬಹುದಾದದ್ದು. ಮಾತ್ರೆ ನುಂಗುವ ದಿನ ನೀರಿನ ಬಾಟಲಿ ಪಕ್ಕದಲ್ಲೇ ಇರಲಿ. ತಲೆನೋವಿಗೆಂದು ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗಬೇಡ. ಅವೂ ಮೂತ್ರಪಿಂಡಕ್ಕೆ ಭಾರ. ಪ್ಯಾರಸಿಟಮಾಲ್ ಸಾಕು. ಮೂತ್ರ ತೀರ ಕಡಿಮೆಯಾದರೆ, ಪಕ್ಕೆ ನೋಯತೊಡಗಿದರೆ ಡಾಕ್ಟರ ಹತ್ತಿರ ಹೋಗು. ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ನೇರ ಆಸ್ಪತ್ರೆಗೇ.

ಉಳಿದ ಮಾತ್ರೆಯನ್ನು ಅಜ್ಜಿಗೆ ಕೊಡಲೇ ಎಂದೂ ಕೇಳಿದ್ದೆ. ಆ ಯೋಚನೆಯಂತೂ ಬೇಡವೇ ಬೇಡ. ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರಲ್ಲಿ, ಔಷಧ ಮೈಯಲ್ಲೇ ಉಳಿದು ಗೊಂದಲ, ಮಂಪರು, ಇಲ್ಲದ್ದು ಕಾಣಿಸುವುದು ಶುರುವಾಗಬಹುದು. ಮನೆಯವರು ಅದನ್ನು ಅರಳುಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಅವರಿಗೆ ಎಷ್ಟು ಕೊಡಬೇಕೆಂದು ಡಾಕ್ಟರೇ ಲೆಕ್ಕ ಹಾಕಬೇಕು.

ಇನ್ನು ಗುಳ್ಳೆಗೆ ಹಚ್ಚುವ ಮುಲಾಮಿನ ಮಾತು. ಅಸೈಕ್ಲೊವಿರ್ ಮುಲಾಮು ಹಚ್ಚಿದಾಗ ತುಸು ಉರಿ, ಸಿಪ್ಪೆ ಏಳುವುದು ಸಹಜ. ಕೀಳಬೇಡ, ಹಚ್ಚಿದ ಮೇಲೆ ಕೈ ತೊಳೆದುಕೋ. ಗೆಳತಿಯ ಡಬ್ಬಿಯಲ್ಲಿರುವ ಸ್ಟೀರಾಯ್ಡ್ ಬೆರೆತ ಕ್ರೀಮನ್ನು ಮಾತ್ರ ಮುಟ್ಟಬೇಡ, ಅದು ಗುಳ್ಳೆ ತರುವ ವೈರಸ್ಸಿಗೇ ಅನುಕೂಲ ಮಾಡಿಕೊಡುತ್ತದೆ. ಕಣ್ಣು ಕೆಂಪಾಗಿ ನೋಯತೊಡಗಿದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸು.

ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವಾಗ ನೀನು ತೆಗೆದುಕೊಳ್ಳುವ ಬೇರೆ ಮಾತ್ರೆಗಳ ಪಟ್ಟಿಯನ್ನೂ ಒಯ್ಯು. ಏನು ಹೇಳಿದರೆಂದು ನನಗೆ ಬರೆ.

ಇತಿ ನಿನ್ನ
ದೊಡ್ಡಮ್ಮ