ಹಾಡೋನೇ ಇಲ್ಲದ ಮೇಲೆ: 'ಮೂವ್‌ಮೆಂಟ್' ಕೇಳೋದು ಹೇಗೆ?

ಎಂಟೇ ಹಾಡು, ಸುಮಾರು 35 ನಿಮಿಷ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ಶುರು ಮಾಡಿದರೆ ಮೆಜೆಸ್ಟಿಕ್ ದಾಟೋ ಹೊತ್ತಿಗೆ ಮುಗಿಯುತ್ತೆ. ನ್ಯೂ ಆರ್ಡರ್ ಬ್ಯಾಂಡಿನ ಈ ಮೊದಲ ಆಲ್ಬಮ್ ಬಂದದ್ದು 1981ರ ನವೆಂಬರ್‌ನಲ್ಲಿ. ಕೇಳೋ ಮುಂಚೆ ಹಿಂದಿನ ಕಥೆ ಸ್ವಲ್ಪ ಗೊತ್ತಿರಬೇಕು.

ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ಬ್ಯಾಂಡಿನಲ್ಲಿ ಹಾಡುತ್ತಿದ್ದವನು, ಸಾಹಿತ್ಯ ಬರೆಯುತ್ತಿದ್ದವನು ಇಯಾನ್ ಕರ್ಟಿಸ್. ಮೂರ್ಛೆರೋಗ, ಖಿನ್ನತೆ ಎರಡೂ ಅವನನ್ನು ಕಾಡುತ್ತಿದ್ದವು. 1980ರ ಮೇ 18ರಂದು, ಬ್ಯಾಂಡ್ ಮೊದಲ ಸಲ ಅಮೆರಿಕ ಪ್ರವಾಸಕ್ಕೆ ಹೊರಡೋ ಹಿಂದಿನ ದಿನ, ಆತ್ಮಹತ್ಯೆ ಮಾಡಿಕೊಂಡ. ವಯಸ್ಸು 23. ನಮ್ಮ ಫೈನಲ್ ಇಯರ್‌ನವರಿಗಿಂತ ಒಂದೆರಡು ವರ್ಷ ದೊಡ್ಡವನು, ಅಷ್ಟೇ.

ಉಳಿದವರು ಗಿಟಾರಿನ ಬರ್ನಾರ್ಡ್ ಸಮ್ನರ್, ಬೇಸ್‌ನ ಪೀಟರ್ ಹುಕ್, ಡ್ರಮ್ಸ್‌ನ ಸ್ಟೀಫನ್ ಮಾರಿಸ್. ಒಬ್ಬರು ಇಲ್ಲದಿದ್ದರೂ ಹಳೇ ಹೆಸರು ಬೇಡ ಅಂತ ಅವರಲ್ಲಿ ಮೊದಲೇ ಮಾತಾಗಿತ್ತು, ಬಿಟ್ಟರು. ಹೊರಗಿಂದ ಹಾಡುಗಾರನನ್ನು ತರಲಿಲ್ಲ, ಮೂವರೂ ಸರದಿಯಲ್ಲಿ ಹಾಡಿ ನೋಡಿದರು. (ನಮ್ಮಲ್ಲಿ ಹಾಡೋ ಸೀನಿಯರ್ ಪಾಸಾಗಿ ಹೋದ ಅಂದ್ರೆ ಬ್ಯಾಂಡೇ ಬರ್ಖಾಸ್ತು!) ಆ ವರ್ಷದ ಕೊನೆಗೆ ಗಿಲಿಯನ್ ಗಿಲ್ಬರ್ಟ್ ಕೀಬೋರ್ಡ್, ಗಿಟಾರ್ ನುಡಿಸಲು ಸೇರಿದಳು.

ಹೊಸ ಹೆಸರಿನ ಮೊದಲ ಸಿಂಗಲ್ 'ಸೆರೆಮನಿ' ಮಾತ್ರ ಕರ್ಟಿಸ್ ಬರೆದದ್ದೇ. ಅವನು ಹಾಡಿದ್ದ ಟೇಪಿನಲ್ಲಿ ಪದಗಳು ಸರಿಯಾಗಿ ಕೇಳಿಸದೆ, ಅದನ್ನು ಈಕ್ವಲೈಸರ್ ಮೂಲಕ ಹಾಯಿಸಿ ಒಂದೊಂದೇ ಹೆಕ್ಕಿದರು. ಸತ್ತ ಗೆಳೆಯನ ದನಿಯನ್ನು ಹಾಗೆ ಮತ್ತೆ ಮತ್ತೆ ಕೇಳೋದು ಹೇಗಿದ್ದಿರಬೇಕು! ಫಿಲ್ಟರ್ ಯಾಕೆ ಓದ್ಬೇಕು ಅನ್ನೋ ಇಸಿ ಗೆಳೆಯರು ಇದನ್ನು ನೆನಪಿಡಿ.

ಈಗ ಆಲ್ಬಮ್. ಮೊದಲ ಹಾಡು 'ಡ್ರೀಮ್ಸ್ ನೆವರ್ ಎಂಡ್' ಹಾಡಿರೋದು ಹುಕ್. 'ಡೌಟ್ಸ್ ಈವನ್ ಹಿಯರ್' ಕೂಡ ಅವನದೇ. ಉಳಿದವುಗಳಲ್ಲಿ ಮುಖ್ಯ ದನಿ ಸಮ್ನರ್‌ದು. ಇಬ್ಬರೂ ದನಿ ತಗ್ಗಿಸಿ, ಕರ್ಟಿಸ್ ಪಕ್ಕದಲ್ಲೇ ನಿಂತಿದ್ದಾನೇನೋ ಅನ್ನೋ ಹಾಗೆ ಹಾಡ್ತಾರೆ. ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್, ಜಾಯ್ ಡಿವಿಷನ್ನಿನ ಎರಡೂ ಆಲ್ಬಮ್ ಮಾಡಿದವನೇ. ಅವನ ಡಿಜಿಟಲ್ ಡಿಲೇಯಿಂದ ಡ್ರಮ್ಸ್ ಖಾಲಿ ಹಾಲಿನಲ್ಲಿ ಬಡಿದಂತೆ ಕೇಳುತ್ತೆ, ಹಾಡೋರ ದನಿ ಹಿಂದೆ ಸರಿಯುತ್ತೆ. ಅರ್ಧ ಬೆಂದ ಆಲ್ಬಮ್ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಹಾಡಿ ಅಭ್ಯಾಸವಿಲ್ಲದವರ ಅಳುಕನ್ನು ಇಲ್ಲಿ ಯಾರೂ ಮುಚ್ಚಿಟ್ಟಿಲ್ಲ; ನನಗೆ ಇಷ್ಟವಾಗೋದೂ ಅದೇ.

'ಟ್ರೂತ್'ನ ಡ್ರಮ್ ಮಷೀನ್, 'ಚೋಸನ್ ಟೈಮ್'ನ ಕುಣಿಯೋ ಬೀಟ್ ಗಮನಿಸಿ. ಆಮೇಲೆ ಸಮ್ನರ್ ಒಂದು ಕಿಟ್ ತಂದು ಸೀಕ್ವೆನ್ಸರನ್ನು ತಾನೇ ಜೋಡಿಸಿದ. 1983ರ 'ಬ್ಲೂ ಮಂಡೇ'ಗೆ ಬಳಸಿದ್ದು ಅದನ್ನೇ. ಹಾಗಾಗಿ ಕೇಳೋ ಕ್ರಮ: ಮೊದಲು ಜಾಯ್ ಡಿವಿಷನ್ನಿನ 'ಕ್ಲೋಸರ್', ಆಮೇಲೆ 'ಸೆರೆಮನಿ', ಆಮೇಲೆ 'ಮೂವ್‌ಮೆಂಟ್', ಕೊನೆಗೆ 'ಬ್ಲೂ ಮಂಡೇ'.