ಹಟದ ಮಗಳು, ಹೇಳದ ನೋವು

ಸಾಫ್ಟ್‌ಬಾಲ್ ಹೆಸರಿಗಷ್ಟೇ ಮೃದು. 12 ಇಂಚು ಸುತ್ತಳತೆಯ ಆ ಚೆಂಡು ಸುಮಾರು 180 ಗ್ರಾಂ ತೂಗುತ್ತದೆ. ಎಸೆಯುವ ಬಾಲಕಿಯು ತೋಳನ್ನು ಪೂರ್ಣ ಸುತ್ತು ತಿರುಗಿಸಿ ಕೆಳಗಿನಿಂದ ಬಿಡುತ್ತಾಳೆ. ಕೆಳಗೈ ಎಸೆತದಿಂದ ಭುಜಕ್ಕೆ ಶ್ರಮವಿಲ್ಲವೆಂದು ಪಾಲಕರು ಭಾವಿಸುವುದುಂಟು, ಅದು ಸರಿಯಲ್ಲ. ವಿಶ್ರಾಂತಿಯಿಲ್ಲದ ಅಭ್ಯಾಸವು ಭುಜದ ಮುಂಭಾಗದ ಸ್ನಾಯುರಜ್ಜುವನ್ನೂ ಬೆಳೆಯುತ್ತಿರುವ ಎಲುಬಿನ ತುದಿಯನ್ನೂ ಘಾಸಿಗೊಳಿಸಬಲ್ಲದು.

ನಮ್ಮಲ್ಲಿಗೆ ಬರುವ ಪಾಲಕರ ದೂರು ಬೇರೆಯೇ: "ಹೇಳಿದ ಮಾತು ಕೇಳೂದಿಲ್ಲರೀ." ಹಟವನ್ನು ನಾವು ರೋಗವೆಂದು ಎಣಿಸುವುದಿಲ್ಲ. ಚರಕರು ಸತ್ತ್ವವನ್ನು ಪ್ರವರ, ಮಧ್ಯಮ, ಅವರ ಎಂದು ವಿಂಗಡಿಸಿದ್ದಾರೆ; ಪ್ರವರಸತ್ತ್ವರು ದೊಡ್ಡ ಪೀಡೆಯಲ್ಲಿಯೂ ಅಳುಕಿದಂತೆ ತೋರುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ಸೋತು ಬಂದ ಸಂಜೆ ತಂದೆಯು ತಪ್ಪುಗಳನ್ನು ಎಣಿಸತೊಡಗಿದರೆ, ತಾಯಿಯು "ಆಟಾನೇ ಬಿಟ್ಟುಬಿಡು" ಎಂದರೆ, ಅಂಥ ಮಗಳು ಮುಂದೆ ನೋವನ್ನು ಹೇಳುವುದೇ ಇಲ್ಲ.

ಆದುದರಿಂದ ಎಸೆತದ ಮಾತು ತರಬೇತುದಾರರಿಗಿರಲಿ. ಆ ಸಂಜೆ ಊಟ, ನಿದ್ರೆ ಸಾಕು. ಮರುದಿನ "ಯವ್ವಾ, ಕೈ ಎಲ್ಲಿ ಎಳೀತೈತಿ?" ಎಂದು ಕೇಳಿ, ಉತ್ತರಕ್ಕೆ ಕಾಯಬೇಕು.

ವ್ಯಾಯಾಮವು ಬಲದ ಅರ್ಧದಷ್ಟಿರಬೇಕೆಂದು ಸುಶ್ರುತ, ವಾಗ್ಭಟರ ಮತ. ಹಣೆ, ಕಂಕುಳು ಬೆವರಿ, ಉಸಿರು ಬಾಯಿಗೆ ಬಂದರೆ ಅರ್ಧ ಮುಗಿಯಿತು. ಪಂದ್ಯದಲ್ಲಿ ಇದು ಸಾಧ್ಯವಿಲ್ಲ, ನಿತ್ಯದ ಅಭ್ಯಾಸದಲ್ಲಿ ಸಾಧ್ಯ. ಈ ಲಕ್ಷಣಗಳನ್ನು ಮಗಳಿಗೇ ಕಲಿಸಿಕೊಡಿರಿ. ಅಪ್ಪಣೆಗೆ ಬಗ್ಗದವಳು ತಾನೇ ಹಿಡಿದ ಅಳತೆಗೆ ಬಗ್ಗುತ್ತಾಳೆ.

ಮುಟ್ಟಿನ ಸ್ರಾವ ಹೆಚ್ಚಿದ್ದು ಬೇಗ ದಣಿಯುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆಯಾಗಲಿ. ನೋವು ರಾತ್ರಿ ನಿದ್ರೆ ಕೆಡಿಸಿದರೆ, ತೋಳು ಮೇಲೇಳದಿದ್ದರೆ, ಎಣ್ಣೆ ತಿಕ್ಕುತ್ತ ಕೂಡದೆ ಎಲುಬಿನ ತಜ್ಞರಲ್ಲಿಗೆ ಕರೆದೊಯ್ಯಬೇಕು; ಆಯುರ್ವೇದದವರಾದ ನಾವೂ ಹಾಗೆಯೇ ಕಳುಹಿಸುತ್ತೇವೆ.